ಅಪ್ಪ–ಮಗನ ಕಾಮಿಕ್ ಸ್ಟ್ರಿಪ್ ರಚಿಸುವವರಿಗೆ

ತಂದೆ ಮತ್ತು ಮಗನನ್ನು ಮೂರ್ನಾಲ್ಕು ಚೌಕಟ್ಟುಗಳಲ್ಲಿ ನಿಲ್ಲಿಸಿ ಓದುಗರನ್ನು ನಗಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮಗನನ್ನು ರೂಪಿಸುತ್ತಾರೆ. ಅವನ ಕೆದರಿದ ಕೂದಲು, ತುಂಟ ಕಣ್ಣು, ಕೈಯಲ್ಲಿನ ಕವಣೆ ಎಲ್ಲ ಸಿದ್ಧವಾದ ಮೇಲೆ, ಅವನ ಕಿತಾಪತಿಗೆ ಗುರಿಯಾಗಲು ಒಬ್ಬ ತಂದೆ ಬೇಕಲ್ಲ ಎಂದು ಸದಾ ಸಿಡುಕುವ, ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡ ಗಂಡಸೊಬ್ಬನನ್ನು ಪಕ್ಕದಲ್ಲಿ ಕೂರಿಸುತ್ತಾರೆ. ಹೀಗೆ ಹುಟ್ಟಿದ ಸ್ಟ್ರಿಪ್ ಕೆಲವು ವಾರ ನಗಿಸೀತು. ಆಮೇಲೆ ಮಗನಿಗೆ ದಿನಕ್ಕೊಂದು ಹೊಸ ಚೇಷ್ಟೆ ಹುಡುಕುವುದೊಂದೇ ಕೆಲಸವಾಗಿ ಉಳಿಯುತ್ತದೆ. ಓದುಗರು ತಲೆಮಾರುಗಳ ಕಾಲ ನೆನಪಿಟ್ಟುಕೊಂಡ ಅಪ್ಪ–ಮಗನ ಸ್ಟ್ರಿಪ್‌ಗಳನ್ನು ಹರಡಿಕೊಂಡು ನಿಧಾನವಾಗಿ ನೋಡಿದರೆ, ಅವುಗಳಲ್ಲಿ ನಗುವಿನ ನೆಲೆ ಇರುವುದು ಹೆಚ್ಚಾಗಿ ತಂದೆಯಲ್ಲಿ ಎಂಬುದು ಕಾಣುತ್ತದೆ. ತಂದೆಯ ಸ್ಥಾನದಲ್ಲಿ ಕುಳಿತ ಮನುಷ್ಯನಿಗೆ ಆ ಸ್ಥಾನ ಪೂರ್ತಿಯಾಗಿ ಒಗ್ಗಿರುವುದಿಲ್ಲ. ಅದನ್ನು ಎಲ್ಲರಿಗಿಂತ ಮೊದಲು ಗಮನಿಸುವವನು ಮಗ. ಆದ್ದರಿಂದ ಕೆಲಸವನ್ನು ತಂದೆಯಿಂದ ಆರಂಭಿಸಿರಿ ಎಂಬುದು ನನ್ನ ಮೊದಲ ಸಲಹೆ.

ಇದಕ್ಕೆ ಅತ್ಯುತ್ತಮ ಪಾಠವೆಂದರೆ ಅಮೆರಿಕದ ಬಿಲ್ ವಾಟರ್ಸನ್ ರಚಿಸಿದ ‘ಕ್ಯಾಲ್ವಿನ್ ಅಂಡ್ ಹಾಬ್ಸ್’. 1985ರ ನವೆಂಬರ್ 18ರಂದು ಆರಂಭವಾಗಿ 1995ರ ಡಿಸೆಂಬರ್ 31ರಂದು ಮುಗಿದ ಈ ಸ್ಟ್ರಿಪ್‌ನಲ್ಲಿ ಆರು ವರ್ಷದ ಕ್ಯಾಲ್ವಿನ್‌ನ ತಂದೆಗೆ ಹೆಸರೇ ಇಲ್ಲ. ಅವನು ಪೇಟೆಂಟ್ ವಕೀಲ. ವಾಟರ್ಸನ್ ಅವರ ತಂದೆಯೂ ಅದೇ ವೃತ್ತಿಯಲ್ಲಿದ್ದವರು. ಹೆಸರಿಲ್ಲದಿದ್ದರೂ ಈ ಮನುಷ್ಯನಿಗೆ ತನ್ನದೇ ಆದ ಆಸೆಗಳೂ ಹಟಗಳೂ ಧಾರಾಳವಾಗಿವೆ. ಕೊರೆಯುವ ಚಳಿಯಲ್ಲಿ ಸೈಕಲ್ ತುಳಿಯುವುದು ಅವನಿಗೆ ಇಷ್ಟ. ಮಳೆ ಹೊಯ್ಯುತ್ತಿದ್ದರೂ ಮನೆಮಂದಿಯನ್ನೆಲ್ಲ ಡೇರೆಯಲ್ಲಿ ಮಲಗಿಸಿ ರಜೆ ಕಳೆಯುವುದು ಅವನಿಗೆ ಪರಮಸುಖ. ಬೇರೆಯವರಿಗೆ ಹಿಂಸೆಯಾಗುವ ಪ್ರತಿಯೊಂದರಿಂದಲೂ ವ್ಯಕ್ತಿತ್ವ ಗಟ್ಟಿಯಾಗುತ್ತದೆ ಎಂದು ಅವನು ಮಗನಿಗೆ ಉಪದೇಶಿಸುತ್ತಾನೆ, ಮಗ ಆ ಉಪದೇಶವನ್ನು ಒಂದಿಷ್ಟೂ ನಂಬುವುದಿಲ್ಲ. ಮಗನನ್ನು ಪಕ್ಕಕ್ಕಿಟ್ಟರೂ ಈ ತಂದೆಯೊಬ್ಬನ ಬಗೆಗೇ ಒಂದು ಸ್ಟ್ರಿಪ್ ನಡೆಸಬಹುದು. ಅಷ್ಟು ಪೂರ್ಣವಾಗಿ ಅವನನ್ನು ಕಲ್ಪಿಸಲಾಗಿದೆ.

ನೀವೂ ಹಾಗೆಯೇ ಒಂದು ಹಾಳೆ ತೆಗೆದುಕೊಂಡು, ಮಗನ ಪ್ರಸ್ತಾಪವೇ ಬಾರದಂತೆ ತಂದೆಯ ಬಗ್ಗೆ ಹತ್ತು ವಾಕ್ಯಗಳನ್ನು ಬರೆಯಿರಿ. ಅವನು ಯಾವುದಕ್ಕೆ ಹಣ ಖರ್ಚು ಮಾಡಲು ಹಿಂಜರಿಯುತ್ತಾನೆ, ಯಾರೂ ನೋಡದಿರುವಾಗ ಏನು ತಿನ್ನುತ್ತಾನೆ, ಕಚೇರಿಯಲ್ಲಿ ಯಾರಿಗೆ ಹೆದರುತ್ತಾನೆ, ಯಾವ ಕೆಲಸ ತನಗೆ ಚೆನ್ನಾಗಿ ಬರುತ್ತದೆಂದು ತಪ್ಪಾಗಿ ನಂಬಿದ್ದಾನೆ ಎಂಬಂಥ ವಿವರಗಳು ಬೇಕು. ‘ಕಟ್ಟುನಿಟ್ಟಿನವನು’, ‘ಪ್ರೀತಿಯುಳ್ಳವನು’ ಎಂಬಂಥ ಗುಣವಾಚಕಗಳಿಂದ ಚಿತ್ರ ಬರೆಯಲಾಗುವುದಿಲ್ಲ. ಹತ್ತು ವಾಕ್ಯ ತುಂಬದಿದ್ದರೆ ಇನ್ನೂ ಪೆನ್ಸಿಲ್ ಹಿಡಿಯಬೇಡಿ. ತುಂಬಿದರೆ, ಪ್ರತಿಯೊಂದು ದಿನದ ಸ್ಟ್ರಿಪ್‌ಗೂ ಎರಡೇ ಪ್ರಶ್ನೆ ಕೇಳಿಕೊಳ್ಳಿರಿ: ಈ ಕ್ಷಣದಲ್ಲಿ ತಂದೆಗೆ ಏನು ಬೇಕು, ಮಗನಿಗೆ ಏನು ಬೇಕು? ಎರಡೂ ಆಸೆಗಳು ನಿಜವಾದವಾಗಿದ್ದು ಒಂದೇ ಕೋಣೆಯೊಳಗೆ ಎದುರಾದಾಗ ಹಾಸ್ಯಕ್ಕಾಗಿ ತಡಕಾಡಬೇಕಾಗಿಲ್ಲ. ಕ್ಯಾಲ್ವಿನ್ ತಂದೆಯ ಬಳಿಗೆ ಬಂದು, ಆರು ವರ್ಷದ ಮಕ್ಕಳಲ್ಲಿ ನಿನ್ನ ಜನಪ್ರಿಯತೆ ಕುಸಿದಿದೆ ಎಂದು ಚುನಾವಣಾ ಸಮೀಕ್ಷಕನ ಗಾಂಭೀರ್ಯದಿಂದ ವರದಿ ಒಪ್ಪಿಸುವ ಸ್ಟ್ರಿಪ್‌ಗಳು ಹಲವಾರಿವೆ. ತಂದೆಯ ಪದವಿಯನ್ನು ಚುನಾಯಿತ ಪದವಿಯೆಂದು ಮಗ ಭಾವಿಸಿದ್ದಾನೆ, ತಂದೆಗೋ ಆ ಹೊತ್ತಿನಲ್ಲಿ ಬೇಕಿರುವುದು ಓದಲು ಸ್ವಲ್ಪ ನೆಮ್ಮದಿ. ಇಬ್ಬರಲ್ಲಿ ಯಾರೂ ನಗಿಸಲು ಪ್ರಯತ್ನಿಸುತ್ತಿಲ್ಲ. ಇಬ್ಬರೂ ತಮ್ಮ ಕೆಲಸದಲ್ಲಿ ಗಂಭೀರವಾಗಿದ್ದಾರೆ.

ತಂದೆ ಹೇಳುವ ಸುಳ್ಳು ಈ ಪ್ರಕಾರದ ಅತ್ಯಂತ ಫಲವತ್ತಾದ ವಸ್ತು, ಆದ್ದರಿಂದ ಅದರ ಒಳಕಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳೆಯ ಫೋಟೋಗಳೆಲ್ಲ ಏಕೆ ಕಪ್ಪುಬಿಳುಪಾಗಿವೆ ಎಂದು ಕ್ಯಾಲ್ವಿನ್ ಕೇಳುತ್ತಾನೆ. ಅವು ಬಣ್ಣದ ಫೋಟೋಗಳೇ, ಆದರೆ ಆಗ ಜಗತ್ತೇ ಕಪ್ಪುಬಿಳುಪಾಗಿತ್ತು ಎಂದು ತಂದೆ ಉತ್ತರಿಸುತ್ತಾನೆ. ಹಾಗಿದ್ದರೆ ಹಳೆಯ ವರ್ಣಚಿತ್ರಗಳಲ್ಲಿ ಬಣ್ಣ ಎಲ್ಲಿಂದ ಬಂತು ಎಂದು ಮಗ ಮರುಪ್ರಶ್ನೆ ಹಾಕುತ್ತಾನೆ. ದೊಡ್ಡ ಕಲಾವಿದರಲ್ಲಿ ಅನೇಕರು ಹುಚ್ಚರಾಗಿದ್ದರು ಎಂಬ ಉತ್ತರ ಬರುತ್ತದೆ. ಆ ಕಾಲದ ಬಣ್ಣಗಳೂ ಬೂದುಬಣ್ಣವಾಗಿಯೇ ಇರಬೇಕಿತ್ತಲ್ಲ ಎಂದರೆ, ಇದ್ದವು, ಜಗತ್ತಿಗೆ ಬಣ್ಣ ಬಂದಾಗ ಅವಕ್ಕೂ ಬಂತು ಎನ್ನುತ್ತಾನೆ. ಹಾಗಾದರೆ ಫೋಟೋಗಳಿಗೇಕೆ ಬಣ್ಣ ಬರಲಿಲ್ಲ ಎಂಬ ಕೊನೆಯ ಆಕ್ಷೇಪಕ್ಕೂ, ಅವು ಕಪ್ಪುಬಿಳುಪು ಜಗತ್ತಿನ ಬಣ್ಣದ ಫೋಟೋಗಳು ಎಂದೆನಲ್ಲ ಎಂಬ ಸಮಾಧಾನ ಸಿದ್ಧವಾಗಿದೆ. ಇಲ್ಲಿ ಮಗ ದಡ್ಡನಲ್ಲ ಎಂಬುದನ್ನು ಗಮನಿಸಿರಿ. ಅವನ ಒಂದೊಂದು ಪ್ರಶ್ನೆಯೂ ಸರಿಯಾದ ಪ್ರಶ್ನೆ. ತಂದೆಯ ಒಂದೊಂದು ಉತ್ತರವೂ ತನ್ನೊಳಗೆ ತರ್ಕಬದ್ಧವಾಗಿದೆ. ಸೇತುವೆ ಎಷ್ಟು ಭಾರ ತಡೆಯುತ್ತದೆಂದು ಹೇಗೆ ತಿಳಿಯುತ್ತಾರೆ ಎಂದು ಕೇಳಿದಾಗಲೂ ಅಷ್ಟೇ: ಅದು ಮುರಿದು ಬೀಳುವವರೆಗೆ ಒಂದಕ್ಕಿಂತ ಒಂದು ದೊಡ್ಡ ಲಾರಿ ಓಡಿಸಿ, ಕೊನೆಯ ಲಾರಿಯನ್ನು ತೂಗಿ, ಸೇತುವೆಯನ್ನು ಮತ್ತೆ ಕಟ್ಟುತ್ತಾರೆ ಎಂಬ ವಿವರಣೆ ಕೇಳಿದ ಓದುಗನಿಗೆ ಅದರಲ್ಲಿ ತಪ್ಪು ತೋರಿಸಲು ಒಂದು ಕ್ಷಣ ಬೇಕಾಗುತ್ತದೆ.

ಇಂಥದನ್ನು ಬರೆಯುವಾಗ ಮೊದಲು ಮಗು ನಿಜವಾಗಿ ಕೇಳಬಹುದಾದ ಪ್ರಶ್ನೆಯನ್ನೇ ಆರಿಸಿಕೊಳ್ಳಿರಿ. ಉತ್ತರವನ್ನು ಸುಳ್ಳೆಂದು ಸಾರುವ ಕಣ್ಣುಮಿಟುಕನ್ನು ತಂದೆಯ ಮುಖದಲ್ಲಿ ಬಿಡಿಸಬೇಡಿ. ಅವನ ಮುಖ ಪಾಠ ಹೇಳುವವನ ಮುಖದಂತೆ ನಿಶ್ಚಲವಾಗಿರಲಿ. ಎರಡನೆಯ ಪ್ರಶ್ನೆ ಮೊದಲನೆಯ ಉತ್ತರದ ನೇರ ಪರಿಣಾಮವಾಗಿರಬೇಕು, ಇಲ್ಲವಾದರೆ ಅದು ಎರಡು ಬೇರೆ ಜೋಕುಗಳಾಗುತ್ತವೆ. ಕೊನೆಯ ಚೌಕಟ್ಟಿನಲ್ಲಿ ಸತ್ಯವನ್ನು ಬಯಲುಮಾಡುವ ಆತುರ ಬೇಡ. ಮಗ ಆ ಸುಳ್ಳನ್ನು ಹೊತ್ತುಕೊಂಡು ಸ್ನೇಹಿತನ ಬಳಿಗೋ ತಾಯಿಯ ಬಳಿಗೋ ಹೋದರೆ ಸಾಕು. ಇನ್ನೊಂದು ಮಾತು: ತಂದೆ ಈ ಸುಳ್ಳನ್ನು ಮಗನನ್ನು ಸಾಗಹಾಕಲು ಹೇಳಿದರೆ ಅದು ಕಹಿಯಾಗುತ್ತದೆ; ಮಗನ ಜೊತೆಗಿನ ಆಟವಾಗಿ ಹೇಳಿದರೆ ಮಾತ್ರ ನಗು ಬರುತ್ತದೆ. ಕ್ಯಾಲ್ವಿನ್‌ನ ಕಲ್ಪನಾಶಕ್ತಿ ಎಲ್ಲಿಂದ ಬಂತು ಎಂಬುದು ಈ ಉತ್ತರಗಳನ್ನು ಓದಿದವರಿಗೆ ಕೇಳದೆಯೇ ತಿಳಿಯುತ್ತದೆ.

ಮಾತಿನ ಮೇಲೆ ಇಷ್ಟು ಭಾರ ಹಾಕಿದ ಮೇಲೆ, ಮಾತೇ ಇಲ್ಲದ ಅಪ್ಪ–ಮಗನನ್ನೂ ನೋಡಲೇಬೇಕು. ಜರ್ಮನಿಯ ಎರಿಖ್ ಓಸರ್ ಎಂಬ ಕಲಾವಿದರು 1934ರಿಂದ 1937ರವರೆಗೆ ‘ಬರ್ಲಿನರ್ ಇಲುಸ್ಟ್ರಿರ್ಟೆ ತ್ಸೈಟುಂಗ್’ ಎಂಬ ಸಚಿತ್ರ ವಾರಪತ್ರಿಕೆಯಲ್ಲಿ ‘ಅಪ್ಪ ಮತ್ತು ಮಗ’ ಎಂಬ ಚಿತ್ರಸರಣಿಯನ್ನು ಬರೆದರು. ಬೋಳುತಲೆಯ, ದಪ್ಪ ಮೀಸೆಯ, ಗುಂಡಗಿನ ತಂದೆ, ಕೂದಲು ಕೆದರಿದ ಪುಟ್ಟ ಮಗ, ಮೇಲೊಂದು ಶೀರ್ಷಿಕೆ, ಉಳಿದಂತೆ ಬಹುಮಟ್ಟಿಗೆ ಒಂದು ಮಾತೂ ಇಲ್ಲ. ಈ ಮೌನದ ಹಿಂದಿನ ಕಥೆಯನ್ನು ತಿಳಿದರೆ ಆ ಚಿತ್ರಗಳ ಮೃದುತ್ವ ಇನ್ನಷ್ಟು ತಟ್ಟುತ್ತದೆ. ನಾಜಿಗಳು ಅಧಿಕಾರಕ್ಕೆ ಬರುವ ಮುನ್ನ ಓಸರ್ ಹಿಟ್ಲರ್ ಮತ್ತು ಗೋಬೆಲ್ಸ್‌ರನ್ನು ಗೇಲಿ ಮಾಡುವ ಚಿತ್ರಗಳನ್ನು ಬರೆದಿದ್ದರು. ಅದಕ್ಕಾಗಿ ಅವರ ವೃತ್ತಿಗೆ ನಿಷೇಧ ಬಿತ್ತು. ರಾಜಕೀಯ ಬಿಟ್ಟು, ಬೇರೆ ಹೆಸರಿನಲ್ಲಿ ಮಾತ್ರ ಬರೆಯಲು ಅನುಮತಿ ದೊರೆಯಿತು. ತಮ್ಮ ಹೆಸರಿನ ಮೊದಲ ಅಕ್ಷರಗಳಿಗೆ ತಾವು ಬೆಳೆದ ಊರಿನ ಹೆಸರನ್ನು ಸೇರಿಸಿ ‘ಇ. ಓ. ಪ್ಲಾವೆನ್’ ಎಂದು ಸಹಿ ಹಾಕಿದರು. ಸರ್ಕಾರದ ವಿರುದ್ಧ ಮಾತನಾಡಿದರೆಂಬ ದೂರಿನ ಮೇಲೆ 1944ರಲ್ಲಿ ಬಂಧಿತರಾದ ಅವರು, ವಿಚಾರಣೆಗೆ ಮೊದಲೇ, ಏಪ್ರಿಲ್ 6ರಂದು ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡರು. ಹೊರಗೆ ಎಲ್ಲರ ತಂದೆಯಾಗಲು ಹೊರಟ ಸರ್ಕಾರವೊಂದು ವಿಧೇಯತೆಯನ್ನು ಬೋಧಿಸುತ್ತಿದ್ದ ಕಾಲದಲ್ಲಿ, ಮಗನ ಜೊತೆ ನೆಲದ ಮೇಲೆ ಹೊರಳಾಡುವ ತಂದೆಯನ್ನು ವಾರವಾರವೂ ಚಿತ್ರಿಸಿದ್ದು ಸಣ್ಣ ಕೆಲಸವಲ್ಲವೆಂದು ನಾನು ನಂಬಿದ್ದೇನೆ.

ಅವರ ಎರಡು ಚಿತ್ರಗಳನ್ನು ಅಭ್ಯಾಸಕ್ಕಾಗಿ ಆರಿಸಿಕೊಳ್ಳಬಹುದು. ಒಂದರಲ್ಲಿ ಊಟದ ಹೊತ್ತಾದರೂ ಮಗ ಬರುವುದಿಲ್ಲ. ತಂದೆ ಕರೆಯಲು ಹೋಗಿ, ನೆಲದ ಮೇಲೆ ಮಲಗಿ ಪುಸ್ತಕದಲ್ಲಿ ಮುಳುಗಿದ ಮಗನನ್ನು ಎಬ್ಬಿಸಿ ಕಳಿಸುತ್ತಾನೆ. ಮಗ ಬಂದು ಕುಳಿತರೆ ಈಗ ತಂದೆಯೇ ನಾಪತ್ತೆ; ಹೋಗಿ ನೋಡಿದರೆ ಅದೇ ನೆಲದ ಮೇಲೆ, ಅದೇ ಭಂಗಿಯಲ್ಲಿ, ಅದೇ ಪುಸ್ತಕ ಓದುತ್ತ ಮಲಗಿದ್ದಾನೆ. ಇನ್ನೊಂದರಲ್ಲಿ ತಂದೆ ಮಗನಿಗೆ ಶಾಲೆಯ ಮನೆಗೆಲಸ ಮಾಡಿಕೊಡುತ್ತಾನೆ. ಬರೆದವರು ಯಾರೆಂದು ತಿಳಿದುಕೊಂಡ ಮೇಷ್ಟ್ರು ನೇರವಾಗಿ ಮನೆಗೆ ಬಂದು ತಂದೆಯನ್ನೇ ಬೋರಲು ಹಾಕಿ ಬಾರಿಸುತ್ತಾರೆ. ಮೊದಲನೆಯದರಲ್ಲಿ ಒಂದೇ ಭಂಗಿ ಎರಡು ಸಲ ಬರುತ್ತದೆ, ಒಳಗಿನ ಮನುಷ್ಯ ಮಾತ್ರ ಬದಲಾಗುತ್ತಾನೆ. ಎರಡನೆಯದರಲ್ಲಿ ಮಗನಿಗೆಂದು ಓದುಗ ನಿರೀಕ್ಷಿಸಿದ ಶಿಕ್ಷೆ ತಂದೆಗೆ ಬೀಳುತ್ತದೆ. ಈ ಎರಡು ಉಪಾಯಗಳನ್ನು ಮಾತಿಲ್ಲದೆ ಬರೆದು ರೂಢಿ ಮಾಡಿಕೊಳ್ಳಿರಿ. ಮೊದಲ ಕೆಲವು ಸ್ಟ್ರಿಪ್‌ಗಳಲ್ಲಿ ಮಾತಿನ ಗುಳ್ಳೆಗಳನ್ನು ಬೇಕೆಂದೇ ಕೈಬಿಟ್ಟರೆ, ತಂದೆಯ ಬೆನ್ನು ಬಾಗುವ ಬಗೆ, ಮಗ ಕತ್ತೆತ್ತಿ ನೋಡುವ ಕೋನ, ಇಬ್ಬರ ನಡುವಿನ ಎತ್ತರದ ಅಂತರ ಎಷ್ಟು ಕೆಲಸ ಮಾಡಬಲ್ಲವೆಂಬುದು ಕೈಗೇ ತಿಳಿಯುತ್ತದೆ. ಈ ಎತ್ತರದ ಅಂತರವಂತೂ ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ತಂದೆ ನಿಂತಿದ್ದಾಗ ಅವನದು ಅಧಿಕಾರ, ನೆಲಕ್ಕೆ ಕುಳಿತಾಗ ಇಬ್ಬರೂ ಸಮಾನರು. ಯಾವ ಚೌಕಟ್ಟಿನಲ್ಲಿ ಅವನನ್ನು ಕೂರಿಸುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿರಿ.

ಹೊಡೆತದ ವಿಷಯ ಬಂದುದರಿಂದ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1897ರಲ್ಲಿ ರುಡಾಲ್ಫ್ ಡರ್ಕ್ಸ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ‘ಕಾಟ್ಜೆನ್‌ಜಾಮರ್ ಕಿಡ್ಸ್’ನ ಕಾಲದಿಂದಲೂ ತುಂಟ ಹುಡುಗರು ಕೊನೆಯಲ್ಲಿ ಪೆಟ್ಟು ತಿನ್ನುವುದು ಒಂದು ಸಿದ್ಧ ಮುಕ್ತಾಯವಾಗಿತ್ತು. ಇಂದಿನ ಓದುಗನಿಗೆ ಅದರಿಂದ ನಗು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹಾಗೆಂದು ತಂದೆಯ ಸಿಟ್ಟನ್ನೇ ಅಳಿಸಿಹಾಕಿದರೆ ಅವನು ರಟ್ಟಿನ ಬೊಂಬೆಯಾಗುತ್ತಾನೆ. ಕ್ಯಾಲ್ವಿನ್ ತಂದೆಯ ದುರ್ಬೀನನ್ನು ಮುರಿದುಹಾಕುವ ಕಥಾಮಾಲೆಯಲ್ಲಿ ವಾಟರ್ಸನ್ ತೋರಿಸಿದ ದಾರಿ ನನಗೆ ಬಹಳ ಇಷ್ಟ: ಮಗನ ಭಯವನ್ನು ಹಲವು ದಿನಗಳ ಸ್ಟ್ರಿಪ್‌ಗಳಲ್ಲಿ ಹಿಗ್ಗಿಸಿ, ತಂದೆಯ ಕೂಗಾಟವನ್ನು ಮುಚ್ಚಿಡದೆ ತೋರಿಸಿ, ಆಮೇಲೆ ಆ ತಂದೆ ತಾನು ಅಷ್ಟು ಕೂಗಬಾರದಿತ್ತೆಂದು ಪೇಚಾಡುವುದನ್ನೂ ತೋರಿಸುತ್ತಾರೆ. ಸಿಟ್ಟಿಗೆ ಕಾರಣವಿರಲಿ, ಸಿಟ್ಟಿನ ನಂತರದ ಹೊತ್ತಿಗೂ ಒಂದು ಚೌಕಟ್ಟು ಇರಲಿ.

ಆ ನಂತರದ ಹೊತ್ತು ಹೆಚ್ಚಾಗಿ ರಾತ್ರಿ. ಮಗ ಮಲಗಿದ ಮೇಲೆ ತಂದೆ ಏನು ಮಾಡುತ್ತಾನೆ ಎಂಬುದನ್ನು ಆಗಾಗ ತೋರಿಸಿದರೆ, ಹಗಲಿನ ಜೋಕುಗಳಿಗೂ ಆಳ ಬರುತ್ತದೆ. ಕ್ಯಾಲ್ವಿನ್‌ನ ಮನೆಗೆ ಕಳ್ಳರು ನುಗ್ಗಿದ ಕಥೆಯಲ್ಲಿ, ನಿದ್ದೆ ಬಾರದೆ ಮಲಗಿದ ತಂದೆಗೆ, ದೊಡ್ಡವರಾದ ಮೇಲೂ ಎಲ್ಲವನ್ನೂ ಆ ಕ್ಷಣಕ್ಕೆ ತೋಚಿದಂತೆ ನಡೆಸಬೇಕಾಗುತ್ತದೆಂದು ಮೊದಲೇ ಗೊತ್ತಿದ್ದರೆ ದೊಡ್ಡವನಾಗಲು ಇಷ್ಟು ಆತುರಪಡುತ್ತಿರಲಿಲ್ಲ ಎಂಬ ಅರ್ಥದ ಮಾತು ಹೊಳೆಯುತ್ತದೆ. ಇನ್ನೊಂದು ಭಾನುವಾರದ ಸ್ಟ್ರಿಪ್‌ನಲ್ಲಿ ತಂದೆ ಮನೆಗೆ ತಂದ ಕಚೇರಿ ಕೆಲಸದಲ್ಲಿ ಮುಳುಗಿದ್ದಾನೆ, ಹಿಮದಲ್ಲಿ ಆಡಲು ಬಾ ಎಂದ ಮಗನನ್ನು ಆಗುವುದಿಲ್ಲವೆಂದು ಕಳಿಸುತ್ತಾನೆ. ಮನಸ್ಸು ತಡೆಯದೆ ತಾನೂ ಹೊರಗೋಡಿ ಅವನೊಂದಿಗೆ ಆಡುತ್ತಾನೆ. ಮಗ ಮಲಗುವ ಹೊತ್ತಿಗೆ ಮತ್ತೆ ಮೇಜಿನ ಮುಂದೆ ಕುಳಿತು ಬಾಕಿ ಕೆಲಸ ಮಾಡುತ್ತಾನೆ. ಪ್ರೀತಿ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಸ್ಟ್ರಿಪ್‌ನಲ್ಲಿ ತಂದೆಯಾಗಲಿ ಮಗನಾಗಲಿ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ್ದರೆ, ಆ ಸಾಲನ್ನು ತೆಗೆದುಹಾಕಿ, ಅದರ ಬದಲು ಅವನು ಮಾಡುವ ಒಂದು ಕೆಲಸವನ್ನು ಬಿಡಿಸಿರಿ.

ಈಗ ಒಂದು ಸ್ಟ್ರಿಪ್ ಕಟ್ಟಿ ನೋಡೋಣ. ತಂದೆಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಹಬ್ಬದ ಹೋಳಿಗೆ ಉಳಿದಿದೆ, ಡಬ್ಬ ಮೇಲಿನ ಅಟ್ಟಣೆಯಲ್ಲಿದೆ. ಮಧ್ಯರಾತ್ರಿ ಅವನು ಸ್ಟೂಲ್ ಹತ್ತಿ ಡಬ್ಬ ಇಳಿಸುತ್ತಿರುವಾಗ ಮಗ ಅಡುಗೆಮನೆಯ ಬಾಗಿಲಿಗೆ ಬರುತ್ತಾನೆ. ಹೊಸಬರು ಮೊದಲು ಬರೆಯುವ ಮುಕ್ತಾಯದಲ್ಲಿ ಮಗ “ಅಮ್ಮಾ!” ಎಂದು ಕೂಗುತ್ತಾನೆ, ತಂದೆ ಸ್ಟೂಲಿನಿಂದ ಬೀಳುತ್ತಾನೆ. ಅದರಲ್ಲಿ ತಂದೆಗೆ ಅವಮಾನವಾಯಿತೇ ಹೊರತು ಇಬ್ಬರ ನಡುವೆ ಏನೂ ನಡೆಯಲಿಲ್ಲ. ಬದಲಾಗಿ, ಎರಡನೆಯ ಚೌಕಟ್ಟಿನಲ್ಲಿ ತಂದೆ ಸ್ಟೂಲಿನ ಮೇಲಿಂದಲೇ, ಡಬ್ಬ ಕೈಯಲ್ಲಿರುವಾಗಲೇ, “ಇಷ್ಟು ಹೊತ್ತಲ್ಲಿ ಯಾಕೆ ಎದ್ದೆ? ಹೋಗಿ ಮಲಗು” ಎಂದು ಗದರಲಿ. ಮೂರನೆಯದರಲ್ಲಿ ಮಾತು ಬೇಡ. ಇಬ್ಬರ ಕಣ್ಣೂ ಡಬ್ಬದ ಮೇಲಿರಲಿ. ನಾಲ್ಕನೆಯದರಲ್ಲಿ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕುಳಿತು ತಿನ್ನುತ್ತಿದ್ದಾರೆ. ತಂದೆ: “ಹಲ್ಲುಜ್ಜಿ ಮಲಗಬೇಕು, ತಿಳೀತಾ?” ಮಗ: “ನೀನೂ.” ತಂದೆಯ ಅಧಿಕಾರ ಜಾರಿತು, ಅವನು ಅದನ್ನು ಮತ್ತೆ ಎತ್ತಿಕೊಳ್ಳಲು ನೋಡಿದ, ಮಗ ಅದನ್ನು ಅರ್ಧ ಹಂಚಿಕೊಂಡ, ಮೂರನೆಯ ಚೌಕಟ್ಟಿನ ಮೌನವಿಲ್ಲದಿದ್ದರೆ ಈ ಯಾವುದೂ ನಡೆಯುತ್ತಿರಲಿಲ್ಲ. ನಾಲ್ಕು ಚೌಕಟ್ಟಿನ ಸ್ಟ್ರಿಪ್‌ನಲ್ಲಿ ಮೂರನೆಯದನ್ನು ಸಾಧ್ಯವಾದಷ್ಟು ಖಾಲಿ ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಿರಿ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ನಿರ್ಧಾರ ಮಾಡಲೇಬೇಕಾಗುತ್ತದೆ. ಮಗ ತಂದೆಗೆ “ನೀನೂ” ಎನ್ನುವ ಮನೆಯೋ, “ನೀವೂ” ಎನ್ನುವ ಮನೆಯೋ? ಕರೆಯುವುದು ಅಪ್ಪ ಎಂದೋ, ಅಪ್ಪಯ್ಯ ಎಂದೋ, ಅಪ್ಪಾಜಿ ಎಂದೋ, ಅಣ್ಣ ಎಂದೋ? ಇವೆಲ್ಲ ಬೇರೆ ಬೇರೆ ಊರುಗಳ, ಬೇರೆ ಬೇರೆ ಮನೆಗಳ ಅಪ್ಪಂದಿರು. ಒಮ್ಮೆ ಆರಿಸಿಕೊಂಡ ಮೇಲೆ ಅದನ್ನು ಬದಲಿಸಬೇಡಿ. ಬದಲಿಸಿದರೆ ಅದೇ ಆ ದಿನದ ಘಟನೆಯಾಗಿರಬೇಕು, ಉದಾಹರಣೆಗೆ ಸದಾ ಏಕವಚನದ ಮಗ ಅಂಕಪಟ್ಟಿಗೆ ಸಹಿ ಬೇಕಾದ ದಿನ ಬಹುವಚನಕ್ಕೆ ಏರಿದಾಗ. ವಾಕ್ಯದ ಕೊನೆಗೆ ಕ್ರಿಯಾಪದ ಬರುವ ನಮ್ಮ ಭಾಷೆ ಹಾಸ್ಯಕ್ಕೆ ಅನುಕೂಲವಾದುದು, ಏಕೆಂದರೆ ಹೌದೋ ಅಲ್ಲವೋ ಎಂಬುದು ಕಡೆಯ ಪದದವರೆಗೂ ತಿಳಿಯದಂತೆ ಮಾತನ್ನು ಹಿಡಿದಿಡಬಹುದು. ಅಕ್ಷರ ಬರೆಯುವಾಗ ಮಾತ್ರ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕಾಗುವುದರಿಂದ, ಮಾತಿನ ಗುಳ್ಳೆಯನ್ನು ಮೊದಲು ಬಿಡಿಸಿ ಆಮೇಲೆ ಅದರೊಳಗೆ ಪದಗಳನ್ನು ತುರುಕದೆ, ಪದಗಳನ್ನು ಬರೆದು ಅವುಗಳ ಸುತ್ತ ಗುಳ್ಳೆ ಎಳೆಯಿರಿ. ಮೊದಲು ಮಾತನಾಡುವವನು ಎಡಗಡೆ ಇರಲಿ.

ಮಗ ಬೆಳೆಯಬೇಕೋ ಬೇಡವೋ ಎಂಬುದನ್ನೂ ಮೊದಲ ದಿನವೇ ನಿರ್ಧರಿಸಬೇಕು. ಕ್ಯಾಲ್ವಿನ್ ಹತ್ತು ವರ್ಷವೂ ಆರರಲ್ಲಿಯೇ ನಿಂತ. ಫ್ರಾಂಕ್ ಕಿಂಗ್ ಅವರ ‘ಗ್ಯಾಸೊಲಿನ್ ಆ್ಯಲಿ’ಯಲ್ಲಿ ಇದಕ್ಕೆ ತದ್ವಿರುದ್ಧ: 1921ರ ಫೆಬ್ರುವರಿ 14ರಂದು ವಾಲ್ಟ್ ಎಂಬ ಅವಿವಾಹಿತನ ಬಾಗಿಲಲ್ಲಿ ಸಿಕ್ಕಿದ ಕೂಸು ಸ್ಕೀಜಿಕ್ಸ್, ಓದುಗರ ಮಕ್ಕಳೊಂದಿಗೇ ವರ್ಷದಿಂದ ವರ್ಷಕ್ಕೆ ಬೆಳೆದು, ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿದ. ಮಗ ಬೆಳೆದರೆ ನಗುವಿನ ಬಗೆಯೂ ಬದಲಾಗಲೇಬೇಕು. ಹದಿಹರೆಯಕ್ಕೆ ಬಂದ ಮಗ ಪ್ರಶ್ನೆ ಕೇಳುವುದಿಲ್ಲ, ಆಗ ಪ್ರಶ್ನೆ ಕೇಳುವವನು ತಂದೆ. ಜೆರ‍್ರಿ ಸ್ಕಾಟ್ ಮತ್ತು ಜಿಮ್ ಬೋರ್ಗ್‌ಮನ್ 1997ರಲ್ಲಿ ಆರಂಭಿಸಿದ ‘ಜಿಟ್ಸ್’ನಲ್ಲಿ ದಂತವೈದ್ಯ ತಂದೆಯ ಉದ್ದುದ್ದ ಮಾತಿಗೆ ಮಗನಿಂದ ಒಂದೆರಡು ಅಕ್ಷರದ ಉತ್ತರ ಬರುವುದನ್ನು ನೋಡಿದರೆ ಈ ತಿರುವು ಅರ್ಥವಾಗುತ್ತದೆ.

ವಸ್ತು ನಿಮ್ಮ ಮನೆಯಿಂದಲೇ ಬರುವುದು ಸಹಜ, ಆದರೆ ಮಗನ ಹೆಸರನ್ನು ಮಾತ್ರ ಸ್ಟ್ರಿಪ್‌ಗೆ ಇಡಬೇಡಿ. ಹ್ಯಾಂಕ್ ಕೆಚಮ್ 1951ರ ಮಾರ್ಚ್‌ನಲ್ಲಿ ಆರಂಭಿಸಿದ ‘ಡೆನಿಸ್ ದ ಮೆನಸ್’ಗೆ ತಮ್ಮ ನಾಲ್ಕು ವರ್ಷದ ಮಗನ ಹೆಸರನ್ನೇ ಇಟ್ಟರು, ಒಂದೇ ಚೌಕಟ್ಟಿನ ಆ ಹಾಸ್ಯ ಜಗತ್ತಿನಾದ್ಯಂತ ಹರಡಿತು, ಮುಂದೆ ಆ ನಿಜವಾದ ತಂದೆ–ಮಗನ ನಡುವೆ ದೂರವೇ ಬೆಳೆಯಿತು. ಹೆಸರೊಂದೇ ಅದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೂ ಮಗುವಿನ ಒಪ್ಪಿಗೆ ಕೇಳಲಾಗದ ವಯಸ್ಸಿನಲ್ಲಿ ಅದರ ಬಾಲ್ಯವನ್ನು ಅದರದೇ ಹೆಸರಿನಲ್ಲಿ ಅಚ್ಚುಹಾಕುವುದು ಸರಿಯಲ್ಲ. ಹೆಸರು, ವಯಸ್ಸು, ಶಾಲೆ, ಮುಖ ಎಲ್ಲವನ್ನೂ ಬದಲಿಸಿರಿ.

ಸ್ಟ್ರಿಪ್ ಸಿದ್ಧವಾದ ಮೇಲೆ ಅದನ್ನು ಒಬ್ಬ ತಂದೆಗೂ ಒಬ್ಬ ಮಗನಿಗೂ ಬೇರೆ ಬೇರೆಯಾಗಿ ತೋರಿಸಿರಿ. ಮಗ ಮಾತ್ರ ನಕ್ಕರೆ ತಂದೆಯನ್ನು ನೀವು ಗುರಿಹಲಗೆಯಾಗಿ ಬಳಸಿದ್ದೀರಿ. ತಂದೆ ಮಾತ್ರ ನಕ್ಕರೆ ಮಗನ ಬಾಯಲ್ಲಿ ದೊಡ್ಡವರ ಮಾತು ಹಾಕಿದ್ದೀರಿ. ಎರಡರಲ್ಲಿ ಯಾವುದಾದರೂ ಸರಿ, ಮತ್ತೆ ಹಾಳೆ ತೆಗೆದು ಆ ಇಬ್ಬರಿಗೂ ಆ ಕ್ಷಣದಲ್ಲಿ ಏನು ಬೇಕಿತ್ತೆಂಬುದನ್ನು ಬರೆದುಕೊಂಡು, ಎರಡನೆಯ ಚೌಕಟ್ಟಿನಿಂದ ತಿದ್ದಲು ಆರಂಭಿಸಿರಿ.